ಸಹಾಯ ಬೇಕು: ಚಿಲಿ ಮತ್ತು ಅರ್ಜೆಂಟೀನಾದ ಒಟ್ಟು ರಾಷ್ಟ್ರೀಯ ಉಳಿತಾಯದ ಹೋಲಿಕೆ

ಮಾನ್ಯರೇ,

ಎಂ.ಎ. ಪ್ರಬಂಧಕ್ಕಾಗಿ 1980ರಿಂದ ಈಚೆಗೆ ಚಿಲಿ ಮತ್ತು ಅರ್ಜೆಂಟೀನಾದ ಒಟ್ಟು ರಾಷ್ಟ್ರೀಯ ಉಳಿತಾಯವನ್ನು (ದೇಶದ ಆದಾಯದಲ್ಲಿ ಬಳಕೆಗೆ ಖರ್ಚಾಗದೆ ಉಳಿದ ಭಾಗ) ಜಿಡಿಪಿಯ ಶೇಕಡಾವಾರಿನಲ್ಲಿ ಹೋಲಿಸುತ್ತಿದ್ದೇನೆ. ಚಿಲಿ 1981ರಲ್ಲಿ ಪಿಂಚಣಿಯನ್ನು ಖಾಸಗಿ ವೈಯಕ್ತಿಕ ಖಾತೆಗಳಿಗೆ ಒಪ್ಪಿಸಿತು. ಅರ್ಜೆಂಟೀನಾ 1994ರಲ್ಲಿ ಬಹುಮಟ್ಟಿಗೆ ಅದೇ ಹಾದಿ ಹಿಡಿದು, 2008ರಲ್ಲಿ ಆ ನಿಧಿಗಳನ್ನು ರಾಷ್ಟ್ರೀಕರಿಸಿತು. ಈ ವ್ಯತ್ಯಾಸವೇ ಎರಡೂ ದೇಶಗಳ ಉಳಿತಾಯ ದರದ ಅಂತರವನ್ನೆಲ್ಲ ವಿವರಿಸುತ್ತದೆಂದು ಮೊದಲು ನಂಬಿದ್ದೆ. ಈಗ ಹಾಗೆನಿಸುತ್ತಿಲ್ಲ.

ನನ್ನನ್ನು ತಡೆದು ನಿಲ್ಲಿಸಿರುವುದು ನನ್ನ ಅಂಕಿಅಂಶ ಪಟ್ಟಿಯಲ್ಲಿ ಅರ್ಜೆಂಟೀನಾದ 2002ರ ಸಾಲು. 2001ರ ಡಿಸೆಂಬರಿನಲ್ಲಿ ಜನ ಬ್ಯಾಂಕಿನಿಂದ ತಮ್ಮದೇ ಹಣ ತೆಗೆಯಲು ಮಿತಿ ಹೇರಲಾಗಿತ್ತು, ಮರುವರ್ಷ ಹೂಡಿಕೆ ಕುಸಿಯಿತು. ಲೆಕ್ಕದಲ್ಲಿ ಉಳಿತಾಯವೆಂದರೆ ಹೂಡಿಕೆ ಮತ್ತು ಚಾಲ್ತಿ ಖಾತೆಯ (ವಿದೇಶಗಳೊಂದಿಗಿನ ವ್ಯಾಪಾರ ಮತ್ತು ಆದಾಯದ ಜಮಾ-ಖರ್ಚು) ಶಿಲ್ಕಿನ ಮೊತ್ತ. ಹಾಗಾಗಿ ಹೂಡಿಕೆ ಕುಸಿದರೂ ಆಮದು ನೆಲಕಚ್ಚಿ ಚಾಲ್ತಿ ಖಾತೆ ಹೆಚ್ಚುವರಿಗೆ ತಿರುಗಿದ್ದರಿಂದ ಉಳಿತಾಯದ ದರ ಏರಿದಂತೆ ಕಾಣುತ್ತದೆ. ಜನ ಬಡವಾದ ವರ್ಷದ ಈ ಏರಿಕೆಯನ್ನು ಉಳಿತಾಯವೆಂದೇ ಓದಬೇಕೇ?

ಚಿಲಿಯಲ್ಲಿ ತೊಡಕು ಬೇರೆ. ತಾಮ್ರದ ಬೆಲೆ ಏರಿದಾಗ ವಿದೇಶಿ ಗಣಿ ಕಂಪನಿಗಳ ಲಾಭವೂ ಹೊರಹೋಗುವುದರಿಂದ ದೇಶೀಯ ಉಳಿತಾಯಕ್ಕೂ (ಆ ಲಾಭವನ್ನು ಕಳೆಯುವ ಮೊದಲಿನದು) ರಾಷ್ಟ್ರೀಯ ಉಳಿತಾಯಕ್ಕೂ (ಕಳೆದ ನಂತರದ್ದು) ಅಂತರ ಹಿಗ್ಗುತ್ತದೆ. ಹಾಗಾದರೆ ಛೇದದಲ್ಲಿ ಜಿಡಿಪಿಯ ಬದಲು ಒಟ್ಟು ರಾಷ್ಟ್ರೀಯ ಆದಾಯವನ್ನು ಇಡುವುದು ಸರಿಯೇ? ಅರ್ಜೆಂಟೀನಾದ 1993 ಮತ್ತು 2004ರ ಆಧಾರ ವರ್ಷಗಳ (ಯಾವ ವರ್ಷದ ಬೆಲೆಗಳನ್ನು ಆಧಾರವಾಗಿಟ್ಟು ಲೆಕ್ಕ ಹಾಕಿದೆಯೋ ಆ ವರ್ಷ) ಅಂಕಿಅಂಶ ಸರಣಿಗಳನ್ನು ಜೋಡಿಸಿದ ಅನುಭವವಿರುವವರು ದಯವಿಟ್ಟು ವಿಧಾನವನ್ನು ತಿಳಿಸಿಕೊಡಬೇಕೆಂದು ಕೋರುತ್ತೇನೆ.