ನೂರು ಪಾಯಿಂಟ್ ಹೊಡೆದವನನ್ನ ಇವತ್ತಿನವರ ಪಕ್ಕ ನಿಲ್ಲಿಸೋದು ಹೇಗೆ?

ಸಕ್ಕರೆನಾಡು ಸೆಂಟರ್:
ಭಾನುವಾರ ಬೆಳಿಗ್ಗೆ ಬ್ಯಾಸ್ಕೆಟ್‌ಬಾಲ್ ಆಟ ಮುಗಿಸಿ ಕೋರ್ಟ್ ಪಕ್ಕದ ಹೊಂಗೆ ಮರದ ಕೆಳಗೆ ಕೂತಿದ್ದಾಗ ಎದ್ದ ಮಾತು ಇದು. ಮನೆಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಒಂದೇ ಆಟದಲ್ಲಿ ನೂರು ಪಾಯಿಂಟ್ ಹೊಡೆದ ಅಮೆರಿಕದ ಹಳೇ ಆಟಗಾರನ ಬಗ್ಗೆ ನಮ್ಮ ಹುಡುಗನೊಬ್ಬ ಅಂದ: "ವಿಲ್ಟ್ ಚೇಂಬರ್ಲೇನ್ ನೂರು ಹೊಡೆದಿದ್ದು ಹಾಲು ಹಾಕೋರು, ಪೋಸ್ಟ್‌ಮ್ಯಾನ್‌ಗಳ ಮೇಲೆ ಅಂಕಲ್. ಇವತ್ತು ಬಂದಿದ್ರೆ ಬೆಂಚ್ ಕಾಯ್ತಿದ್ದ."

ನಾನು ಮಂಡ್ಯದಲ್ಲಿ 1980ರಿಂದ ಆಡಿದವನು. ಆಗ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಆಟವನ್ನ ಕಣ್ಣಾರೆ ನೋಡೋ ಭಾಗ್ಯ ನಮಗಿರಲಿಲ್ಲ, ಹಳೇ ಪತ್ರಿಕೆಯಲ್ಲಿ ಒಂದು ಫೋಟೋ ಸಿಕ್ಕಿದರೆ ಅದನ್ನೇ ತಿಂಗಳುಗಟ್ಟಲೆ ನೋಡ್ತಿದ್ವಿ. ಆದರೂ ಆ ಹುಡುಗನ ಮಾತು ನೋವಾಯ್ತು. 1961-62ರ ಸೀಸನ್ನಿನಲ್ಲಿ ವಿಲ್ಟ್ ಆಟಕ್ಕೆ ಸರಾಸರಿ 50.4 ಪಾಯಿಂಟ್, 25.7 ರೀಬೌಂಡ್ (ಗುರಿ ತಪ್ಪಿ ಬಂದ ಚೆಂಡು ಹಿಡಿಯೋದು). ಆಟ 48 ನಿಮಿಷದ್ದು, ಅವನು ಆಡಿದ್ದು ಸರಾಸರಿ 48.5 ನಿಮಿಷ. ಓವರ್‌ಟೈಮ್ ಸೇರಿ ಹಾಗಾಯ್ತು. ಒಂದು ಸೀಸನ್ ಪೂರ್ತಿ ಕೂರದೆ ಆಡೋದು ಅಂದ್ರೆ ಏನು ಅಂತ ಆಡಿದವರಿಗೆ ಗೊತ್ತು. ಎದುರಿಗೆ ಯಾರೇ ಇರಲಿ, ಓಡಬೇಕಾದ್ದು ತನ್ನ ಕಾಲಿನಲ್ಲೇ ಅಲ್ವಾ?

ಕುವೆಂಪುನಗರ 30:
ಅಂಕಲ್, ಆ ಮಾತು ಆಡಿದವನು ನಾನೇ. ಹಾಲು ಹಾಕೋರು ಅಂದಿದ್ದು ತಪ್ಪು, ಹಿಂದಕ್ಕೆ ತಗೋತೀನಿ. ಆದರೆ ವಾದ ಬಿಡಲ್ಲ.

ಆ ನೂರರ ಆಟವನ್ನೇ ನೋಡಿ. 1962ರ ಮಾರ್ಚ್ 2, ಪೆನ್ಸಿಲ್ವೇನಿಯಾದ ಹರ್ಷಿ ಅನ್ನೋ ಊರು. ಫಿಲಡೆಲ್ಫಿಯಾ ವಾರಿಯರ್ಸ್ 169, ನ್ಯೂಯಾರ್ಕ್ ನಿಕ್ಸ್ 147. ನಿಕ್ಸ್‌ನ ಮಾಮೂಲಿ ಸೆಂಟರ್ (ರಿಂಗ್ ಹತ್ತಿರ ಕಾಯೋ ಎತ್ತರದ ಆಟಗಾರ) ಅವತ್ತು ಆಡಲೇ ಇಲ್ಲ, ಅವನ ಬದಲು ನಿಂತವನು 20 ನಿಮಿಷಕ್ಕೇ ಫೌಲ್ ತುಂಬಿ ಹೊರಗೆ ಹೋದ. ಕೊನೆಯಲ್ಲಿ ವಿಲ್ಟ್ ಕೈಗೆ ಚೆಂಡು ಬರಲಿ ಅಂತ ಗೆಲ್ಲುತ್ತಿದ್ದ ಟೀಮಿನವರೇ ಬೇಕೂಂತ ಫೌಲ್ ಮಾಡಿ ಗಡಿಯಾರ ನಿಲ್ಲಿಸಿದ್ರು. ಒಬ್ಬನೇ 63 ಶಾಟ್ ಎತ್ತಿದ. ಇವತ್ತು ಯಾವ ಕೋಚ್ ಬಿಡ್ತಾನೆ?

ಅವತ್ತು ಲೀಗ್‌ನಲ್ಲಿ ಇದ್ದಿದ್ದು 9 ಟೀಮು. ಇವತ್ತು 30. 2024-25ರ ಸೀಸನ್ ಶುರುವಾದಾಗ ಬೇರೆ ದೇಶಗಳಿಂದ ಬಂದ ಆಟಗಾರರೇ 120ಕ್ಕಿಂತ ಹೆಚ್ಚು. 2019ರಿಂದ 2025ರವರೆಗೆ ಎಂವಿಪಿ, ಅಂದ್ರೆ ಸೀಸನ್ನಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ, ಅಮೆರಿಕದಲ್ಲಿ ಹುಟ್ಟಿದ ಒಬ್ಬನಿಗೂ ಹೋಗಿಲ್ಲ: ಗ್ರೀಸ್, ಸರ್ಬಿಯಾ, ಕ್ಯಾಮರೂನ್, ಕೆನಡಾ. ಇಡೀ ಲೋಕವನ್ನ ಜರಡಿ ಹಿಡಿದು ಆರಿಸಿದವರು ಇವರು. ಆ ಕಾಲದಲ್ಲಿ ಜರಡಿಗೆ ಬಿದ್ದ ಕಾಳೇ ಕಮ್ಮಿ.

ಮದ್ದೂರು ಹೈದ:
ಅಣ್ಣೋ, 9 ಟೀಮು ಅಂದ್ರೆ ಇನ್ನೊಂದ್ ತರ ನೋಡು. ಇರದೇ ನೂರು ಚಿಲ್ರೆ ಜನ. ಅದ್ರಾಗ್ ಒಳಕ್ಕೆ ಬರಾಕೆ ಎಷ್ಟ್ ಕಷ್ಟ ಇದ್ದದು? ಬಾಸ್ಟನ್ ಸೆಂಟರ್ ಬಿಲ್ ರಸೆಲ್ ಜೊತೆ ವಿಲ್ಟ್ ವರ್ಸಕ್ಕೆ ಹೆಚ್ಚುಕಮ್ಮಿ ಹತ್ ಸಲ ಎದ್ರುಬದ್ರು ಆಯ್ತಿದ್ದ. ಈಗ ಪೂರ್ವದ ಟೀಮು ಪಶ್ಚಿಮದ ಟೀಮು ಸೀಸನ್ನಾಗೆ ಎರಡೇ ಸಲ ಎದುರಾಗದು. ಒಬ್ಬನ್ನೇ ಹತ್ ಸಲ ಎದುರಿಸದು ಸುಮ್ನೆ ಆಯ್ತದಾ? ಮೂರನೇ ಸಲಕ್ಕೇ ನಿನ್ನ ಎಲ್ಲಾ ಪಟ್ಟು ಅವನಿಗೆ ಗೊತ್ತಾಗೋಯ್ತದೆ.

ಇನ್ನೊಂದು ಯೋಳ್ತೀನಿ. ಅದೇ 1961-62ರಾಗೆ ಎಲ್ಜಿನ್ ಬೇಲರ್ ಮಿಲಿಟ್ರಿ ರಿಸರ್ವ್ ಡ್ಯೂಟೀಲಿದ್ದ. ರಜಾ ಸಿಕ್ದಾಗ, ವಾರದ ಕೊನೇಲಿ ಇಮಾನ ಹತ್ಕೊಂಡ್ ಬಂದು ಆಡಿ ವಾಪಸ್ ಓಗೋನು. 48 ಮ್ಯಾಚು, ಸರಾಸರಿ 38.3. ಪ್ರಾಕ್ಟೀಸ್ ಇಲ್ದೆ! ನಿದ್ದೆ ಇಲ್ದೆ! ಈಗಿನೋರ್ಗೆ ಟೀಮಿಂದೇ ಇಮಾನ, ಅಡುಗೆಯೋರು, ಮಲಗಾಕೆ ಟೈಮ್ ಟೇಬಲ್ಲು. ಅದು ತಪ್ಪಲ್ಲ. ಆದ್ರೆ ತಕ್ಕಡಿಗೆ ಆಕುವಾಗ ಅದನ್ನೂ ಆಕ್ಬೇಕು ಅಷ್ಟೇಯ.

ಪಿ.ಇ. ಮೇಷ್ಟ್ರು, ಮೈಸೂರು:
ಇಬ್ಬರ ಮಾತಿನಲ್ಲೂ ಒಂದು ಅಂಶ ಬಿಟ್ಟುಹೋಗಿದೆ, ನಿಯಮ. ಮೂವತ್ತು ವರ್ಷ ಸೀಟಿ ಊದಿದವನು ನಾನು, ಅದಕ್ಕೇ ಇದು ನನಗೆ ಮೊದಲು ಕಾಣುತ್ತೆ.

ನಮ್ಮ ಶಾಲೆಯ ಸಿಮೆಂಟ್ ಕೋರ್ಟನ್ನ ಹತ್ತಿರದಿಂದ ನೋಡಿದರೆ ಹಳೇ ಗೆರೆಗಳು ಇನ್ನೂ ಮಾಸಲಾಗಿ ಕಾಣುತ್ತವೆ. ರಿಂಗ್ ಕೆಳಗೆ ಲಂಗದ ಹಾಗೆ ಅಗಲವಾಗುತ್ತಾ ಹೋಗುವ ಗೆರೆ ಇದೆ. 2010ರವರೆಗೆ ಅಂತರರಾಷ್ಟ್ರೀಯ ನಿಯಮದಲ್ಲಿ ಆ ಜಾಗ ಹಾಗೇ ಇತ್ತು, ಆಮೇಲೆ ಆಯತ ಆಯ್ತು. ಥ್ರೀ ಪಾಯಿಂಟ್ ಕಮಾನು (ಆಚೆಯಿಂದ ಹಾಕಿದರೆ ಮೂರು ಪಾಯಿಂಟು) ಎರಡಿವೆ: ಒಳಗಿನದು 6.25 ಮೀಟರು, ಹೊರಗಿನದು 6.75. ಎರಡನೆಯದನ್ನ ಹಗ್ಗಕ್ಕೆ ಸೀಮೆಸುಣ್ಣ ಕಟ್ಟಿ ನಾನೇ ಎಳೆದಿದ್ದು. 2000ಕ್ಕೆ ಮುಂಚೆ 20 ನಿಮಿಷದ ಎರಡು ಅರ್ಧ ಆಡಿಸುತ್ತಿದ್ದೆವು, ಶಾಟ್ ಎತ್ತಲು 30 ಸೆಕೆಂಡ್ ಸಮಯ. ಆಮೇಲೆ 10 ನಿಮಿಷದ ನಾಲ್ಕು ಭಾಗ, 24 ಸೆಕೆಂಡ್. ಒಂದೇ ಕೋರ್ಟು, ಒಂದೇ ರಿಂಗು. ಆದರೆ 1995ರಲ್ಲಿ ನನ್ನ ಹತ್ತಿರ ಕಲಿತ ಹುಡುಗನೂ 2015ರಲ್ಲಿ ಕಲಿತವನೂ ಬೇರೆ ಬೇರೆ ಆಟ ಕಲಿತರು.

ಎನ್‌ಬಿಎಯಲ್ಲೂ ಇದೇ ಕಥೆ. ವಿಲ್ಟ್‌ನನ್ನ ತಡೆಯೋಕಾಗದೆ 1964ರಲ್ಲಿ ರಿಂಗ್ ಕೆಳಗಿನ ಜಾಗವನ್ನ 12 ಅಡಿಯಿಂದ 16 ಅಡಿಗೆ ಅಗಲ ಮಾಡಿದರು. ಥ್ರೀ ಪಾಯಿಂಟ್ ಗೆರೆ ಬಂದಿದ್ದೇ 1979ರಲ್ಲಿ. ಆ ಮೊದಲ ಸೀಸನ್ನಿನಲ್ಲಿ ಒಂದು ಟೀಮು ಒಂದು ಆಟಕ್ಕೆ ಎತ್ತುತ್ತಿದ್ದದ್ದು ಸರಾಸರಿ ಮೂರಕ್ಕಿಂತ ಕಡಿಮೆ, ಈಗ 35 ದಾಟಿದೆ. ಸ್ಟೀಫನ್ ಕರಿ 2015-16ರಲ್ಲಿ ಒಬ್ಬನೇ 402 ಥ್ರೀ ಹಾಕಿದ. ಅವನು 1962ರಲ್ಲಿ ಆಡಿದ್ದರೆ ಅಷ್ಟು ದೂರದಿಂದ ಹಾಕಿದರೂ ಎರಡೇ ಪಾಯಿಂಟು. ಎರಡು ಪಾಯಿಂಟಿಗೆ ಅಷ್ಟು ದೂರ ನಿಂತು ದಿನಕ್ಕೆ ನೂರಾರು ಶಾಟ್ ಅಭ್ಯಾಸ ಮಾಡು ಅಂತ ಯಾವ ಕೋಚೂ ಹೇಳುತ್ತಿರಲಿಲ್ಲ.

ಡ್ರಿಬಲ್, ಅಂದರೆ ಚೆಂಡನ್ನ ತಟ್ಟುತ್ತಾ ಸಾಗುವುದು, ಕೂಡ ಹಾಗೇ. ಹಳೇ ವಿಡಿಯೋ ನೋಡಿ ಹುಡುಗರು ಆಡಿಕೊಳ್ಳುತ್ತಾರೆ, "ಚೆಂಡನ್ನ ಬರೀ ತಟ್ತಾರೆ ಸಾರ್, ಎಡಗೈಯೇ ಇಲ್ಲ" ಅಂತ. ಆಗ ಅಂಗೈ ಚೆಂಡಿನ ಪಕ್ಕಕ್ಕೆ ಜಾರಿದರೂ ಸೀಟಿ. ಈಗ ಮಾಡುವ ಕ್ರಾಸ್‌ಓವರ್‌ಗಳಲ್ಲಿ (ಚೆಂಡನ್ನ ಒಂದು ಕೈಯಿಂದ ಇನ್ನೊಂದಕ್ಕೆ ತಟ್ಟಿ ದಿಕ್ಕು ಬದಲಿಸುವುದು) ಅರ್ಧಕ್ಕರ್ಧ ನಾನು ಚಿಕ್ಕವನಿದ್ದಾಗ ಕಲಿತ ನಿಯಮದಲ್ಲಿ ತಪ್ಪು. ಕೈ ಕಟ್ಟಿಹಾಕಿದವನನ್ನ ಈಜು ಬಾರದವನು ಅನ್ನೋದು ನ್ಯಾಯವಲ್ಲ.

ಕುವೆಂಪುನಗರ 30:
ಮೇಷ್ಟ್ರೇ, ಡ್ರಿಬಲ್ ವಿಷಯ ಒಪ್ಪಿದೆ. ಆದರೆ ನಿಯಮ ಎರಡೂ ಕಡೆ ಕೊಯ್ಯುತ್ತೆ. "ಮೈಕಲ್ ಜೋರ್ಡನ್ ಕಾಲದಲ್ಲಿ ಮೈಮೇಲೆ ಕೈಹಾಕಿ ತಡೀತಿದ್ರು, ಈಗ ಮುಟ್ಟಿದರೆ ಫೌಲು" ಅಂತ ಎಲ್ಲ ಹಿರಿಯರೂ ಹೇಳ್ತೀರಿ. 2004ರಲ್ಲಿ ಅದನ್ನ ಬಿಗಿ ಮಾಡಿದ್ದು ನಿಜ. ಆದರೆ 2001ರವರೆಗೆ ಎನ್‌ಬಿಎಯಲ್ಲಿ ಜೋನ್ ಡಿಫೆನ್ಸ್ (ಆಳಿನ ಬದಲು ಜಾಗ ಕಾಯೋದು) ಆಡೋ ಹಾಗೇ ಇರಲಿಲ್ಲ ಅನ್ನೋದನ್ನ ಯಾರೂ ಹೇಳಲ್ಲ. ಜೋರ್ಡನ್ ಒಂದು ಕಡೆ ನಿಂತರೆ ಉಳಿದ ಡಿಫೆಂಡರ್‌ಗಳು ತಮ್ಮ ತಮ್ಮ ಆಳಿಗೇ ಅಂಟಿಕೊಂಡಿರಬೇಕಿತ್ತು. ಇವತ್ತು ಅವನ ಮುಂದೆ ಒಬ್ಬ, ಅವನ ಹಿಂದೆ ಗೋಡೆ ಹಾಗೆ ಇನ್ನೊಬ್ಬ. ವೆಂಬನ್ಯಾಮ ಅಂಥವನು, 7 ಅಡಿ 4 ಇಂಚು, ಥ್ರೀ ಪಾಯಿಂಟ್ ಗೆರೆಯಿಂದ ಎರಡು ಹೆಜ್ಜೆಗೆ ರಿಂಗ್ ಮುಟ್ತಾನೆ.

ರೀಬೌಂಡ್ ಲೆಕ್ಕವನ್ನೂ ನೋಡಿ. 1961-62ರಲ್ಲಿ ಒಂದು ಟೀಮಿಗೆ ಒಂದು ಆಟದಲ್ಲಿ 70ಕ್ಕೂ ಹೆಚ್ಚು ರೀಬೌಂಡ್ ಸಿಗ್ತಿದ್ವು. ಈಗ 44ರ ಆಸುಪಾಸು. ಆಗ ಓಟ ಜಾಸ್ತಿ, ಗುರಿ ತಪ್ಪೋದು ಜಾಸ್ತಿ. ಆಸ್ಕರ್ ರಾಬರ್ಟ್‌ಸನ್ ಆ ವರ್ಷ 30.8 ಪಾಯಿಂಟ್, 12.5 ರೀಬೌಂಡ್, 11.4 ಅಸಿಸ್ಟ್ (ಪಾಯಿಂಟಿಗೆ ದಾರಿಮಾಡೋ ಪಾಸ್) ಅಂತ ಟ್ರಿಪಲ್ ಡಬಲ್, ಅಂದ್ರೆ ಮೂರರಲ್ಲೂ ಎರಡಂಕಿ, ಸರಾಸರಿ ಮಾಡಿದ. 2016-17ರಲ್ಲಿ ವೆಸ್ಟ್‌ಬ್ರೂಕ್ ಮಾಡೋವರೆಗೆ ಯಾರೂ ಮಾಡಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡೋಕಾಗಲ್ಲ.

ಗಂಗೋತ್ರಿ ಗಾರ್ಡ್:
ಇಷ್ಟು ಹೊತ್ತಾದರೂ ಒಬ್ಬ ಹೆಂಗಸಿನ ಹೆಸರು ಬರಲಿಲ್ಲವಲ್ಲ. ಹಳಬರು-ಹೊಸಬರ ಜಗಳಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ, ಕೇಳಿ.

2024ರ ಮಾರ್ಚ್‌ನಲ್ಲಿ ಕೇಟ್ಲಿನ್ ಕ್ಲಾರ್ಕ್ ಅಮೆರಿಕದ ಕಾಲೇಜು ಆಟದಲ್ಲಿ ಪೀಟ್ ಮಾರಾವಿಚ್‌ನ ದಾಖಲೆ ದಾಟಿದಳು. ಅವನದು 3,667 ಪಾಯಿಂಟು, ಅವಳು ಮುಗಿಸಿದ್ದು 3,951ಕ್ಕೆ. ಮಾರನೇ ದಿನವೇ ಗಲಾಟೆ. ಮಾರಾವಿಚ್ ಆಡಿದ್ದು ಮೂರೇ ವರ್ಷ, ಆಗ ಮೊದಲ ವರ್ಷದವರನ್ನ ಮುಖ್ಯ ಟೀಮಿಗೆ ಸೇರಿಸುತ್ತಿರಲಿಲ್ಲ. 83 ಆಟ, ಸರಾಸರಿ 44.2, ಥ್ರೀ ಪಾಯಿಂಟ್ ಗೆರೆ ಇಲ್ಲ. ಕ್ಲಾರ್ಕ್ ಆಡಿದ್ದು 139. ಲೆಕ್ಕ ಸರಿ, ನಾನೂ ಒಪ್ಪುತ್ತೇನೆ. ಆದರೆ ಹಾಗೆ ಗಲಾಟೆ ಮಾಡಿದವರಲ್ಲಿ ಎಷ್ಟು ಜನಕ್ಕೆ ಲಿನೆಟ್ ವುಡರ್ಡ್ ಗೊತ್ತು? 1977ರಿಂದ 1981ರವರೆಗೆ ಕಾನ್ಸಸ್‌ಗೆ ಆಡಿ 3,649 ಹೊಡೆದವರು. ಗಂಡಸರ ಚೆಂಡಿನಲ್ಲೇ ಹೊಡೆದರು, ಹೆಂಗಸರಿಗೆ ಸ್ವಲ್ಪ ಚಿಕ್ಕ ಚೆಂಡು ಬಂದಿದ್ದು 1984ರಲ್ಲಿ. ಆಗ ಕಾಲೇಜು ಆಟಗಳ ಸಂಸ್ಥೆ ಎನ್‌ಸಿಎಎ ಹೆಂಗಸರ ಆಟ ನಡೆಸುತ್ತಿರಲಿಲ್ಲ, ಬೇರೊಂದು ಸಂಘ ನಡೆಸುತ್ತಿತ್ತು. ಅದಕ್ಕೇ ಅವರ ಪಾಯಿಂಟು ಎನ್‌ಸಿಎಎ ದಾಖಲೆ ಪುಸ್ತಕದಲ್ಲೇ ಇರಲಿಲ್ಲ.

ಬರೆದಿಟ್ಟದ್ದನ್ನ ಮಾತ್ರ ನಾವು ಹೋಲಿಸುತ್ತಿದ್ದೇವೆ. ಬರೆದಿಡದೇ ಹೋದದ್ದು?

ಸಕ್ಕರೆನಾಡು ಸೆಂಟರ್:
ಮಗಳೇ, ನನ್ನ ಬಾಯಲ್ಲಿದ್ದ ಮಾತನ್ನೇ ಹೇಳಿದೆ.

ಎನ್‌ಬಿಎ ಬ್ಲಾಕ್ (ಎದುರಾಳಿಯ ಶಾಟ್ ತಡೆಯೋದು), ಸ್ಟೀಲ್ (ಚೆಂಡು ಕಸಿಯೋದು) ಲೆಕ್ಕ ಇಡೋಕೆ ಶುರುಮಾಡಿದ್ದು 1973-74ರಲ್ಲಿ. ರಸೆಲ್ ನಿವೃತ್ತಿ ಆಗಿದ್ದು 1969ರಲ್ಲಿ. ಅವನ ಬದುಕಿನ ಕೆಲಸವೇ ಬ್ಲಾಕ್ ಮಾಡೋದು, ಅದರ ಒಂದು ಅಂಕಿಯೂ ಇಲ್ಲ. ಪ್ರೇಕ್ಷಕರ ಮಧ್ಯೆ ಹೋಗಿ ಬೀಳೋ ಹಾಗೆ ಹೊಡೀತಿರಲಿಲ್ಲ. ತಟ್ಟಿ ತನ್ನವರ ಕೈಗೇ ಬೀಳಿಸ್ತಿದ್ದ, ಅಲ್ಲಿಂದ ಫಾಸ್ಟ್ ಬ್ರೇಕ್, ಅಂದ್ರೆ ಮಿಂಚಿನ ದಾಳಿ. ವಿಲ್ಟ್ ಐವತ್ತರ ಸರಾಸರಿ ಮಾಡಿದ ಆ ವರ್ಷವೇ ಎಂವಿಪಿ ಹೋಗಿದ್ದು ರಸೆಲ್‌ಗೆ. ಆಗ ಆ ಓಟು ಹಾಕ್ತಿದ್ದವರು ಆಟಗಾರರೇ. ಎದುರು ನಿಂತು ಏಟು ತಿಂದವರಿಗೆ ಗೊತ್ತಿತ್ತು ಯಾರು ದೊಡ್ಡವನು ಅಂತ.

ನಮ್ಮ ಟೀಮಿನಲ್ಲೂ ಒಬ್ಬ ಇದ್ದ, ಐದಡಿ ಎಂಟಿಂಚು. ಎದುರಾಳಿಯ ಒಳ್ಳೆ ಆಟಗಾರನ್ನ ಅವನಿಗೇ ಕೊಡ್ತಿದ್ವಿ. ಮ್ಯಾಚ್ ಮುಗಿದ ಮೇಲೆ ಸ್ಕೋರ್‌ಶೀಟಿನಲ್ಲಿ ಅವನ ಹೆಸರಿನ ಮುಂದೆ ಎರಡೋ ನಾಲ್ಕೋ ಪಾಯಿಂಟ್, ಜೊತೆಗೆ ನಾಲ್ಕು ಫೌಲು. ನನ್ನ ಹೆಸರಿನ ಮುಂದೆ 22. ಮಾರನೇ ದಿನ ಸುದ್ದಿ ಆಗ್ತಿದ್ದದ್ದು ನನ್ನ ಹೆಸರು. ಎದುರಿನವನನ್ನ ಆರಕ್ಕೆ ನಿಲ್ಲಿಸಿದ್ದು ಯಾರು ಅಂತ ಎಲ್ಲೂ ಬರೆದಿಲ್ಲ. ಇದು ನಲವತ್ತು ವರ್ಷದಿಂದ ನನ್ನ ಮನಸ್ಸಿನಲ್ಲಿ ಕೂತಿದೆ.

ಶ್ರೀರಂಗಪಟ್ಟಣ:
ಹೊಸಬರ ಪರವಾಗಿ ಒಂದು ಮಾತು, ನನ್ನ ಮಂಡಿಯ ಕಡೆಯಿಂದ. 1993ರಲ್ಲಿ ಇಂಟರ್ ಕಾಲೇಜ್ ಮ್ಯಾಚಿನಲ್ಲಿ ರೀಬೌಂಡಿಗೆ ಹಾರಿ ಇಳಿದಾಗ ಟಕ್ ಅಂತ ಸದ್ದಾಯ್ತು. ಆಸ್ಪತ್ರೆಯಲ್ಲಿ ಮೂಳೆ ಮುರಿದಿಲ್ಲ ಅಂತ ಎಕ್ಸ್‌ರೇ ತೋರಿಸಿ ಪಟ್ಟಿ ಕಟ್ಟಿ ಕಳಿಸಿದರು. ಲಿಗಮೆಂಟ್ ಹರಿದಿದೆ ಅಂತ ತಿಳಿದಿದ್ದು ಆರು ವರ್ಷ ಆದಮೇಲೆ. ಅಷ್ಟರಲ್ಲಿ ಆಟ ಮುಗಿದಿತ್ತು.

ಬಿಲ್ ವಾಲ್ಟನ್ 1977ರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಚಾಂಪಿಯನ್‌ಶಿಪ್ ಗೆಲ್ಲಿಸಿ, 1978ರಲ್ಲಿ ಎಂವಿಪಿ ಆದವನು. ಪಾದದ ಮೂಳೆ ಕೈಕೊಟ್ಟು ಆಮೇಲೆ ಮೂರು ಸೀಸನ್ ಪೂರ್ತಿ ಆಡಲೇ ಇಲ್ಲ. ಕ್ಲೇ ಥಾಂಪ್ಸನ್‌ಗೆ 2019ರಲ್ಲಿ ಮಂಡಿ ಲಿಗಮೆಂಟ್ ಹೋಯ್ತು, 2020ರಲ್ಲಿ ಹಿಮ್ಮಡಿ ನರ. 2022ರ ಜನವರಿಯಲ್ಲಿ ವಾಪಸ್ ಬಂದು ಜೂನ್‌ನಲ್ಲಿ ಕಪ್ ಎತ್ತಿದ. ಲೆಬ್ರಾನ್ 2003ರಲ್ಲಿ ಶುರುಮಾಡಿ, 2023ರ ಫೆಬ್ರವರಿ 7ರಂದು ಕರೀಮ್ ಅಬ್ದುಲ್-ಜಬ್ಬಾರ್‌ರ 38,387 ಪಾಯಿಂಟಿನ ದಾಖಲೆ ದಾಟಿ, ನಲವತ್ತು ವಯಸ್ಸಾದ ಮೇಲೂ ಆಡಿದ. ಇದರಲ್ಲಿ ವೈದ್ಯರ ಪಾಲೂ ಇದೆ, ಅವನು ಪ್ರತಿದಿನ ಮೈಯನ್ನ ಕಾಪಾಡಿಕೊಂಡ ಶಿಸ್ತೂ ಇದೆ. "ಈಗಿನವರು ಮೆತ್ತಗೆ" ಅನ್ನೋ ಮಾತು ಮಾತ್ರ ನನಗೆ ಸಹಿಸೋಕಾಗಲ್ಲ. ಹರಿದ ನರ ಜೋಡಿಸಿಕೊಂಡು ಎರಡು ವರ್ಷ ಪ್ರತಿದಿನ ವ್ಯಾಯಾಮ ಮಾಡಿ ವಾಪಸ್ ಬರೋದು ಮೆತ್ತಗಿರೋರ ಕೆಲಸವಾ?

ಮದ್ದೂರು ಹೈದ:
ನೀವು ಯೋಳಿದ್ದು ಸರಿ ಅಣ್ಣ. ಮೆತ್ತಗೆ ಅನ್ನೋ ಮಾತ ನಾನೂ ಇನ್ಮ್ಯಾಕೆ ಆಡಕಿಲ್ಲ.

ಕುವೆಂಪುನಗರ 30:
ಅಂಕಲ್, ಕೊನೇದಾಗಿ ಒಂದು ನೇರ ಪ್ರಶ್ನೆ. ನಿಯಮ ಇವತ್ತಿನದು, ಸರಣಿ ಮೂರು-ಮೂರು ಸಮ ಆಗಿ ಏಳನೇ ಆಟ, ಗೆದ್ದವರಿಗೆ ಕಪ್. ಎದುರು ಸರ್ಬಿಯಾದ ಯೋಕಿಚ್ ಇದ್ದಾನೆ. 2014ರಲ್ಲಿ ಟೀಮುಗಳು ಹೊಸಬರನ್ನ ಆರಿಸುವಾಗ 41ನೆಯವನಾಗಿ ಆಯ್ಕೆಯಾಗಿ ಮೂರು ಸಲ ಎಂವಿಪಿ ಆದವನು, ಸೆಂಟರ್ ಆಗಿದ್ದೂ ಗಾರ್ಡ್ ಹಾಗೆ ಪಾಸ್ ಕೊಡ್ತಾನೆ, ಹೊರಗಿನಿಂದ ಥ್ರೀ ಹಾಕ್ತಾನೆ. ನಿಮ್ಮ ಸೆಂಟರ್ ಯಾರು? ವಿಲ್ಟಾ?

ಸಕ್ಕರೆನಾಡು ಸೆಂಟರ್:
ಅಲ್ಲಪ್ಪ, ರಸೆಲ್. ಇಡೀ ದಿನ ಯೋಚನೆ ಮಾಡಿ ಹೇಳ್ತಿದ್ದೀನಿ. ಆ ಹೊತ್ತಿನ ನಿಯಮ ವಿಲ್ಟ್‌ನ ಶಾಟುಗಳಿಗೆ ಎಷ್ಟು ಸಹಾಯ ಮಾಡಿತ್ತು ಅಂತ ನೀನೂ ಮೇಷ್ಟ್ರೂ ತೋರಿಸಿದ್ದೀರಿ, ಅದು ನನಗೆ ಮನವರಿಕೆ ಆಗಿದೆ. ರಸೆಲ್ ಮಾಡ್ತಿದ್ದ ಕೆಲಸಕ್ಕೆ ಗೆರೆ ಎಲ್ಲಿದ್ದರೂ ಒಂದೇ. 13 ಸೀಸನ್, 11 ಚಾಂಪಿಯನ್‌ಶಿಪ್. ಎನ್‌ಬಿಎಯಲ್ಲಿ ಏಳನೇ ಆಟ ಅಂತ ಆಡಿದ್ದು ಹತ್ತು, ಹತ್ತೂ ಗೆದ್ದ. ಕೊನೇ ಮೂರು ವರ್ಷ ಆಟಗಾರನೂ ಅವನೇ, ಕೋಚೂ ಅವನೇ.

ಕುವೆಂಪುನಗರ 30:
ಯೋಕಿಚ್ ಅವನನ್ನ ರಿಂಗ್‌ನಿಂದ ಏಳು ಮೀಟರ್ ದೂರಕ್ಕೆ ಎಳ್ಕೊಂಡು ಹೋಗ್ತಾನೆ ಅಂಕಲ್. ಅಲ್ಲಿ ಏನ್ ಮಾಡ್ತಾನೆ?

ಸಕ್ಕರೆನಾಡು ಸೆಂಟರ್:
ಹೋಗ್ತಾನೆ, ಅವನ ಜೊತೆಗೇ. ಹೈಜಂಪ್‌ನಲ್ಲೂ ದೊಡ್ಡ ಮಟ್ಟದಲ್ಲಿ ಹಾರಿದ್ದವನು ಕಣೋ ರಸೆಲ್, ದಪ್ಪ ಮೈಯ ಸೆಂಟರ್ ಅಲ್ಲ. ಹೊರಗೆ ಬಂದು ಕಾಯೋ ಕಾಲು ಇತ್ತು ಅವನಿಗೆ. ಪಾಸ್ ನಿಲ್ಲಿಸೋಕಾಗಲ್ಲ, ಅದನ್ನ ಒಪ್ತೀನಿ. ಯೋಕಿಚ್ ಮೂವತ್ತು ಹೊಡೀಲಿ, ಹನ್ನೆರಡು ಅಸಿಸ್ಟ್ ಮಾಡ್ಲಿ. ಕೊನೇ ಎರಡು ನಿಮಿಷದಲ್ಲಿ ರಿಂಗ್ ಹತ್ತಿರ ಬರೋ ಒಂದು ಚೆಂಡು ಇರುತ್ತಲ್ಲ, ಅದು ನನಗೆ ಸಾಕು.

ಕುವೆಂಪುನಗರ 30:
ನಾನು ಯೋಕಿಚ್ ಕಡೆಗೇ ಇರ್ತೀನಿ. ಆದರೆ ಇವತ್ತು ರಾತ್ರಿ 1962ರಲ್ಲಿ ರಸೆಲ್‌ನ ಬಾಸ್ಟನ್, ವಿಲ್ಟ್‌ನ ಫಿಲಡೆಲ್ಫಿಯಾ ಆಡಿದ ಏಳನೇ ಆಟದ ಬಗ್ಗೆ ಸಿಕ್ಕಿದ್ದೆಲ್ಲ ಓದ್ತೀನಿ. 109-107, ಬರೀ ಎರಡು ಪಾಯಿಂಟು. ಭಾನುವಾರ ಬಂದಾಗ ನಿಮ್ಮ ಆ ಐದಡಿ ಎಂಟಿಂಚಿನ ಸ್ನೇಹಿತರನ್ನೂ ಕರ್ಕೊಂಡು ಬನ್ನಿ ಅಂಕಲ್. ಕಾಲು ಹೇಗೆ ಇಡ್ತಿದ್ರು ಅಂತ ಅವರ ಬಾಯಲ್ಲೇ ಕೇಳಬೇಕು.