ಮೋಟರ್‌ಹೋಮಿನ ಬೆನ್ನಿಗೆ ಸೈಕಲ್: ಜರ್ಮನಿಯ ಕನ್ನಡಿಗರ ಪ್ರಶ್ನೆಗಳು, ವರ್ಕ್‌ಶಾಪ್ ಎಂಜಿನಿಯರ್ ಉತ್ತರಗಳು

ಸ್ಟುಟ್‌ಗಾರ್ಟ್ ಸದಸ್ಯೆ: ನಮಸ್ಕಾರ ಸರ್. ನಮ್ಮದು ಫಿಯೆಟ್ ಡುಕಾಟೊ ಚಾಸಿಯ ಹಳೆಯ ಮೋಟರ್‌ಹೋಮ್, ಒಟ್ಟು ತೂಕದ ಮಿತಿ 3,500 ಕೆ.ಜಿ. ಹಿಂಗೋಡೆಯ ರ‍್ಯಾಕಿನ ಮಿತಿ 60 ಕೆ.ಜಿ. ಅದರ ಮೇಲೆ ತಲಾ 26 ಕೆ.ಜಿ.ಯ ಎರಡು ಇ-ಬೈಕ್, ತಲಾ 9 ಕೆ.ಜಿ.ಯ ಮಕ್ಕಳ ಎರಡು ಸೈಕಲ್ ಹೇರಿಕೊಂಡು ಆಲ್ಪ್ಸ್‌ನ ಬ್ರೆನ್ನರ್ ಕಣಿವೆದಾರಿ ದಾಟಿ ಇಟಲಿಯ ಗಾರ್ಡಾ ಸರೋವರಕ್ಕೆ ಹೊರಟಿದ್ದೇವೆ. ಕಳೆದ ಬಾರಿ ಒದ್ದೆ ಹುಲ್ಲಿನಲ್ಲಿ ಮುಂದಿನ ಚಕ್ರಗಳು ನಿಂತಲ್ಲೇ ತಿರುಗಿದವು. ರ‍್ಯಾಕಿನ ಮೇಲ್ಗಡೆಯ ಬೋಲ್ಟಿನ ಸುತ್ತ ಸಣ್ಣ ಬಿರುಕೂ ಕಾಣುತ್ತಿದೆ.

ಎಂಜಿನಿಯರ್: ಮೇಡಂ, ಮೊದಲು ಬಿರುಕಿನ ವಿಷಯ. ಹಳೆಯ ಗಾಡಿಗಳ ಗೋಡೆಯಲ್ಲಿ ಹೊರಗೆ ತೆಳುವಾದ ಹಾಳೆ, ನಡುವೆ ಫೋಮ್ ಮತ್ತು ಮರದ ಪಟ್ಟಿ, ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ಸುತ್ತ ನೀರು ತಡೆಯುವ ಸೀಲಂಟ್ ಬಿಟ್ಟರೆ ನೀರು ಒಳಸೇರಿ ಮರ ಕೊಳೆಯುತ್ತದೆ. ರಸ್ತೆಯ ಪ್ರತಿಯೊಂದು ಕುಲುಕಾಟವೂ ಮೇಲಿನ ಬೋಲ್ಟನ್ನು ಹೊರಕ್ಕೆ ಎಳೆಯುತ್ತದೆ. ಒಳಗಿನ ಕಪಾಟು ಖಾಲಿ ಮಾಡಿ, ಬೋಲ್ಟಿನ ಹಿಂದಿನ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಅಥವಾ ಮುಗ್ಗಲು ವಾಸನೆ ಬಂದರೆ ಒಂದು ಸೈಕಲನ್ನೂ ಹೇರಬೇಡಿ.

ಇನ್ನು ತೂಕ. ನಿಮ್ಮ ಸೈಕಲ್‌ಗಳೇ 70 ಕೆ.ಜಿ. ಆದವು, ಅಂದರೆ ಮಿತಿ ಆಗಲೇ ಮೀರಿದೆ. ರ‍್ಯಾಕಿನ ಸ್ವಂತ ತೂಕವನ್ನು 10 ಕೆ.ಜಿ. ಎಂದು ಹಿಡಿದರೆ ಹಿಂದೆ ತೂಗುವುದು 80. ಆ ಭಾರ ಹಿಂದಿನ ಆಕ್ಸಲ್‌ನಿಂದ 2.4 ಮೀಟರ್ ಹೊರಗಿದ್ದು, ಎರಡು ಆಕ್ಸಲ್‌ಗಳ ನಡುವಿನ ಅಂತರ 4 ಮೀಟರ್ ಇದ್ದರೆ, ಹಿಂದಿನ ಆಕ್ಸಲ್ ಹೊರುವುದು 80 ಅಲ್ಲ, 128 ಕೆ.ಜಿ.; ಏತದ ಮರದಂತೆ ಮುಂದಿನ ಆಕ್ಸಲ್ 48 ಕೆ.ಜಿ. ಹಗುರಾಗುತ್ತದೆ. ಡುಕಾಟೊದಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನೇ ಆದ್ದರಿಂದ ಹುಲ್ಲಿನಲ್ಲಿ ಅವು ಜಾರಿದ್ದು ಸಹಜ. ಗೋಡೆ ಗಟ್ಟಿಯಿದ್ದರೆ, ತಲಾ ಸುಮಾರು 3 ಕೆ.ಜಿ.ಯ ಬ್ಯಾಟರಿಗಳನ್ನು ಬಿಚ್ಚಿ ಮುಂಭಾಗದಲ್ಲಿಡಿ, ಮಕ್ಕಳ ಒಂದು ಸೈಕಲನ್ನು ಒಳಗೆ ಬಿಗಿಯಾಗಿ ಕಟ್ಟಿ; ಆಗ ರ‍್ಯಾಕಿನಲ್ಲಿ 55 ಕೆ.ಜಿ. ಉಳಿಯುತ್ತದೆ. ಎಲ್ಲರೂ ಕುಳಿತು, ನೀರು ತುಂಬಿಸಿ, ಹೊರಡುವ ಸ್ಥಿತಿಯಲ್ಲೇ ಗಾಡಿ ತೂಗುವ ವೇಬ್ರಿಡ್ಜ್‌ಗೆ ಹೋಗಿ ಪ್ರತಿ ಆಕ್ಸಲನ್ನೂ ಬೇರೆಯಾಗಿ ತೂಗಿಸಿ.

ಕೊಲೋನ್ ಸದಸ್ಯರು: ಇಟಲಿಯಲ್ಲಿ ಗಾಡಿಯ ಹಿಂದೆ ಚಾಚಿದ ಸೈಕಲ್‌ಗಳ ಮೇಲೆ ಎಚ್ಚರಿಕೆ ಫಲಕ ಕಡ್ಡಾಯವೇ?

ಎಂಜಿನಿಯರ್: ಹೌದು. 50×50 ಸೆಂ.ಮೀ. ಅಳತೆಯ, ಕೆಂಪು-ಬಿಳಿ ಓರೆಪಟ್ಟಿಯ ಪ್ರತಿಫಲಿಸುವ ಫಲಕ. ಸ್ಪೇನಿನಲ್ಲೂ ಬೇಕು.

ಮ್ಯೂನಿಕ್ ಸದಸ್ಯರು: ಸೈಕಲ್ ಬದಲು ಹಿಂದಿನ ವೇದಿಕೆಯ ಮೇಲೆ 100 ಕೆ.ಜಿ.ಯ ಸ್ಕೂಟರ್ ಒಯ್ಯಬಹುದೇ?

ಹ್ಯಾಂಬರ್ಗ್ ಸದಸ್ಯರು: ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಹಂಚಿಕೊಳ್ಳುತ್ತಿದ್ದೇನೆ: "ಹಿಂದೆ ಏರ್ ಸ್ಪ್ರಿಂಗ್ ಹಾಕಿಸಿದರೆ ತೂಕದ ಮಿತಿಯ ಚಿಂತೆಯಿಲ್ಲ. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಸೈಕಲ್ ಕುಲುಕುವುದಿಲ್ಲ. ಮೇಲೆ ಟಾರ್ಪಾಲಿನ್ ಹೊದಿಸಿ."

ಎಂಜಿನಿಯರ್: ಮೂರೂ ತಪ್ಪು. ಏರ್ ಸ್ಪ್ರಿಂಗ್, ಅಂದರೆ ಗಾಳಿ ತುಂಬಿದ ಸ್ಪ್ರಿಂಗ್, ಗಾಡಿಯನ್ನು ಮೇಲೆತ್ತುತ್ತದೆ, ತೂಕದ ಮಿತಿಯನ್ನಲ್ಲ. ತಪಾಸಣೆಯಾಗಿ ದಾಖಲೆಯಲ್ಲಿ ಹೊಸ ಮಿತಿ ನಮೂದಾಗುವವರೆಗೆ ಹಳೆಯದೇ ಮಿತಿ. ಹಿಂದಿನ ಆಕ್ಸಲ್‌ನ ಕ್ಯಾಂಪಿಂಗ್ ಟೈರಿಗೆ (ಮೋಟರ್‌ಹೋಮ್‌ಗೆಂದೇ ಮಾಡಿದ ಟೈರ್) ಸಾಮಾನ್ಯವಾಗಿ 5.5 ಬಾರ್ ಗಾಳಿಯ ಒತ್ತಡ ಬೇಕಾಗುತ್ತದೆ. ಹೊರೆ ಹೊತ್ತ ಟೈರಿನ ಗಾಳಿ ಇಳಿಸಿದರೆ ಅದು ಕಾದು ಸಿಡಿಯುತ್ತದೆ. ಟಾರ್ಪಾಲಿನ್ ಹಾಯಿಯಂತೆ ಗಾಳಿ ಹಿಡಿದು, ಈಗಾಗಲೇ ನರಳುತ್ತಿರುವ ಬೋಲ್ಟುಗಳನ್ನೇ ಎಳೆಯುತ್ತದೆ. ಇಂಥ ಸಂದೇಶಗಳನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ಹ್ಯಾಂಬರ್ಗ್ ಸದಸ್ಯರು: ನಾನು ವರ್ಷಗಳಿಂದ ಟಾರ್ಪಾಲಿನ್ ಹೊದಿಸಿಯೇ ಸಿಸಿಲಿಯವರೆಗೆ ಓಡಿಸಿದ್ದೇನೆ, ಏನೂ ಆಗಿಲ್ಲ. ಎಲ್ಲದಕ್ಕೂ ಹೆದರಿಸುವುದು ಇಲ್ಲಿಯವರ ಅಭ್ಯಾಸ.

ನ್ಯೂರೆಂಬರ್ಗ್ ಸದಸ್ಯೆ: ನಿಮಗೆ ಏನೂ ಆಗದಿರಬಹುದು. ನಿಮ್ಮ ಸೈಕಲ್ ಕಳಚಿ ಬೀಳುವುದು ಹಿಂದೆ ಬರುವ ನಮ್ಮ ಗಾಜಿನ ಮೇಲೆ.

ಹ್ಯಾಂಬರ್ಗ್ ಸದಸ್ಯರು: ಹಾಗಿದ್ದರೆ ಅಂತರ ಕಾಯ್ದುಕೊಳ್ಳಿ ಮೇಡಂ.

ನ್ಯೂರೆಂಬರ್ಗ್ ಸದಸ್ಯೆ: ಅಂತರದ ಪಾಠವನ್ನು ನಿಮ್ಮಿಂದ ಕಲಿಯಬೇಕಾಗಿಲ್ಲ.

ಡ್ರೆಸ್ಡೆನ್ ಸದಸ್ಯರು: ಸೈಕಲ್‌ಗಳಿಂದ ನಂಬರ್ ಪ್ಲೇಟ್ ಮರೆಯಾದರೆ? ಮತ್ತೆ, ಇಟಲಿಗೆ ಫಲಕ ಬೇಕೇ?

ಎಂಜಿನಿಯರ್: ಜರ್ಮನಿಯಲ್ಲಿ ರ‍್ಯಾಕಿಗೆ ಮೂರನೆಯ ಪ್ಲೇಟ್ ಹಾಕಬೇಕು, ಅದಕ್ಕೆ ಸರ್ಕಾರಿ ಮುದ್ರೆ ಬೇಡ. ಹಿಂದಿನ ದೀಪಗಳು ಮರೆಯಾದರೆ ಅವೂ ರ‍್ಯಾಕಿನ ಮೇಲೆ ಮತ್ತೊಮ್ಮೆ ಬೇಕು. ಫಲಕದ ಉತ್ತರ ಮೇಲಿದೆ.

ಮ್ಯೂನಿಕ್ ಸದಸ್ಯರು: ಸರ್, ಸ್ಕೂಟರ್?

ಬಾನ್ ಸದಸ್ಯರು: ಇಟಲಿಯ ಫಲಕ ಎಲ್ಲಿ ಸಿಗುತ್ತದೆ? ನನ್ನ ಗಾಡಿಯ ಹಿಂದೆ ಒಟ್ಟು ಎಷ್ಟು ಹೇರಬಹುದು?

ಎಂಜಿನಿಯರ್: ಫಲಕ ಯಾವುದೇ ಕ್ಯಾಂಪಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಎರಡನೆಯದಕ್ಕೆ ತೂಕದ ಚೀಟಿ, ರಿಜಿಸ್ಟ್ರೇಷನ್ ಪತ್ರದಲ್ಲಿನ ಹಿಂದಿನ ಆಕ್ಸಲ್ ಮಿತಿ, ರ‍್ಯಾಕಿನ ಮೇಲೆ ಅಚ್ಚಾಗಿರುವ ಮಿತಿ, ಈ ಮೂರರ ಚಿತ್ರ ಹಾಕಿ. ಇವಿಲ್ಲದೆ "ಎಷ್ಟು ಹೇರಬಹುದು" ಎಂದು ಕೇಳುವವರಿಗೆ ಇನ್ನು ಉತ್ತರಿಸುವುದಿಲ್ಲ.