ಮಾಲೆ ಹಾಕಿದ ಮೂರನೇ ದಿನ ಗೋಡೆ ಮೇಲೆ ಹುಳ: ಕುಡಿತದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ರಾಣೆಬೆನ್ನೂರು ಕಡೆಯ ಸದಸ್ಯೆ):

ಡಾಕ್ಟರೇ, ನಮ್ಮ ಯಜಮಾನರಿಗೆ 43 ವರ್ಷ, ಲಾರಿ ಡ್ರೈವರ್. ಮೊದಲು ರಾತ್ರಿ ಒಂದು ಕ್ವಾರ್ಟರ್ ಇತ್ತು. ಎರಡು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಒಂದು ತೊಂಬತ್ತು ಬೇಕು. ಇಲ್ಲದಿದ್ದರೆ ಚಹಾದ ಲೋಟ ಹಿಡಿಯೋಕೂ ಕೈ ನಡುಗುತ್ತದೆ. ಹೋದ ವರ್ಷ ಅಯ್ಯಪ್ಪನ ಮಾಲೆ ಹಾಕಿ ಅವತ್ತೇ ಪೂರ್ತಿ ಬಿಟ್ಟರು. ನಮಗೆಲ್ಲ ಖುಷಿ. ಎರಡನೇ ದಿನ ಫಿಟ್ಸ್ ಬಂತು, ಕೈಗೆ ಕಬ್ಬಿಣ ಕೊಟ್ಟೆವು. ಮೂರನೇ ರಾತ್ರಿ ಗೋಡೆ ಮೇಲೆ ಹುಳ ಹರಿಯುತ್ತಿವೆ ಅಂತ ಕೈಯಲ್ಲಿ ಒರೆಸುತ್ತಿದ್ದರು. ಹಾಸಿಗೆ ಮೇಲೆ ಕೂತು ಗೇರ್ ಹಾಕುತ್ತಿದ್ದರು. "ಇಳಿದು ನೋಡೋ, ಹಿಂದೆ ಎಷ್ಟು ಜಾಗ ಇದೆ" ಅಂತ ನನ್ನನ್ನೇ ಕ್ಲೀನರ್ ಅಂದುಕೊಂಡು ಕೂಗುತ್ತಿದ್ದರು. ವ್ರತದಲ್ಲಿ ಏನೋ ಮೈಲಿಗೆ ಆಗಿದೆ ಅಂತ ಅತ್ತೆ ನಿಂಬೆಹಣ್ಣು ನಿವಾಳಿಸಿದರು. ಕೊನೆಗೆ ಮೈದುನ ಮಾಲೆ ತೆಗೆಸಿ ಕುಡಿಸಿದ ಮೇಲೆ ಸ್ವಲ್ಪ ಸಮಾಧಾನವಾದರು.

ಈಗ ಸಂಬಂಧಿಕರೊಬ್ಬರು ಫೋನಿನಲ್ಲಿ ನೋಡಿ ಕುಡಿತ ಬಿಡಿಸುತ್ತದೆ ಅನ್ನೋ ಒಂದು ಪುಡಿ ತರಿಸಿಕೊಟ್ಟಿದ್ದಾರೆ. ರುಚಿ ಇಲ್ಲ, ವಾಸನೆ ಇಲ್ಲ, ಗೊತ್ತಾಗದ ಹಾಗೆ ಸಾರಿಗೆ ಹಾಕಿ ಅನ್ನುತ್ತಾರೆ. ಹಾಕಲಾ?

ಉತ್ತರ (ಮನೋವೈದ್ಯರು):

ಹಾಕಬೇಡಿ ತಾಯಿ. ಆ ಪುಡಿಯಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಏನೂ ಇಲ್ಲದಿದ್ದರೆ ದುಡ್ಡು ಹೋಯಿತು, ಅಷ್ಟೇ. ಡೈಸಲ್ಫಿರಾಂ ಇದ್ದರೆ ಕಷ್ಟ. ಅದು ಕುಡಿತ ಬಿಡಿಸೋಕೆ ನಾವೂ ಕೊಡುವ ಔಷಧಿಯೇ. ಆದರೆ ಲಿವರ್, ಹೃದಯ ಪರೀಕ್ಷೆ ಮಾಡಿ, ರೋಗಿಗೆ ಎಲ್ಲ ತಿಳಿಸಿ, ಅವರು ಒಪ್ಪಿದ ಮೇಲೆ ಮಾತ್ರ. ಹೆಂಡ ಮೈಯಲ್ಲಿ ಕರಗುವಾಗ ನಡುವೆ ಅಸಿಟಾಲ್ಡಿಹೈಡ್ ಅನ್ನೋ ವಿಷ ಹುಟ್ಟುತ್ತದೆ. ಸಾಮಾನ್ಯವಾಗಿ ಲಿವರ್ ಅದನ್ನು ಬೇಗ ಮುಂದಕ್ಕೆ ಸಾಗಿಸುತ್ತದೆ. ಈ ಮಾತ್ರೆ ಆ ದಾರಿಗೇ ಅಡ್ಡ ಕಲ್ಲು ಇಡುತ್ತದೆ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿದುಬಿಡುತ್ತದೆ. ಗೊತ್ತಿದ್ದವರು ಭಯಕ್ಕೆ ಕುಡಿಯುವುದಿಲ್ಲ, ಔಷಧಿ ಕೆಲಸ ಮಾಡೋದೇ ಹಾಗೆ. ಗೊತ್ತಿಲ್ಲದವರು ಎಂದಿನ ಹಾಗೆ ಕುಡಿಯುತ್ತಾರೆ. ನಿಮ್ಮವರು ಸ್ಟೇರಿಂಗ್ ಹಿಡಿಯುವವರು ಬೇರೆ. ಮಾತ್ರೆ ನಿಲ್ಲಿಸಿದರೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು.

ಇನ್ನು ಮಾಲೆಯ ವಿಷಯ. ಅದು ಮೈಲಿಗೆಯೂ ಅಲ್ಲ, ಶಾಪವೂ ಅಲ್ಲ. ಅವರದ್ದೇ ಲಾರಿ ಭಾಷೆಯಲ್ಲಿ ಹೇಳುತ್ತೇನೆ. ಹೆಂಡ ಮೆದುಳಿಗೆ ಬ್ರೇಕ್. ವರ್ಷಗಟ್ಟಲೆ ಬ್ರೇಕ್ ಮೇಲೆ ಕಾಲಿಟ್ಟೇ ಇದ್ದರೆ, ಗಾಡಿ ನಿಲ್ಲದಿರಲಿ ಅಂತ ಮೆದುಳು ಆಕ್ಸಿಲರೇಟರನ್ನು ಜಾಸ್ತಿ ಒತ್ತುತ್ತಾ ಹೋಗುತ್ತದೆ. ಒಂದೇ ಏಟಿಗೆ ಬ್ರೇಕಿನಿಂದ ಕಾಲು ತೆಗೆದರೆ ಏನಾಗುತ್ತದೆ ಅಂತ ಅವರನ್ನೇ ಕೇಳಿ. ಮೊದಲ ದಿನ ಕೈ ನಡುಕ, ಬೆವರು. ಫಿಟ್ಸ್ ಬರುವುದಾದರೆ ಹೆಚ್ಚಾಗಿ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದೊಳಗೆ ಹುಳ, ಹಾವು, ಇಲ್ಲದವರ ದನಿ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತೇವೆ. ಈ ಗೊಂದಲದಲ್ಲಿ ಎಷ್ಟೋ ಸಲ ಮನುಷ್ಯ ತನ್ನ ಕಸುಬನ್ನೇ ಮಾಡುತ್ತಿರುತ್ತಾನೆ. ನಾನು ನೋಡಿದ ಒಬ್ಬ ಟೈಲರ್ ಇಡೀ ರಾತ್ರಿ ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸುತ್ತಿದ್ದ. ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಳ್ಳುವುದನ್ನೂ ಮರೆತಿರಲಿಲ್ಲ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಜೀವ ಹೋಗಬಹುದು. ಸಿಕ್ಕರೆ ಬಹುತೇಕ ಎಲ್ಲರೂ ಪಾರಾಗುತ್ತಾರೆ.

ಕೇಳೋಕೆ ವಿಚಿತ್ರ ಅನ್ನಿಸಬಹುದು, ಆದರೂ ಹೇಳುತ್ತೇನೆ. ಆಸ್ಪತ್ರೆಗೆ ಸೇರಿಸುವ ತನಕ ಬಾಟಲಿ ಬಚ್ಚಿಡಬೇಡಿ, ಮನೆಯಲ್ಲೇ ಆಣೆ ಹಾಕಿಸಿ ಒಮ್ಮೆಗೇ ನಿಲ್ಲಿಸಬೇಡಿ. ಒಮ್ಮೆ ಫಿಟ್ಸ್ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಲಾರಿ ಮಾತ್ರ ಬೇಡ, ಕುಡಿದಾಗಲೂ ಬೇಡ, ಕೈ ನಡುಗುವಾಗಲೂ ಬೇಡ. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು, ದಿನದಿನ ಇಳಿಸುತ್ತಾ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ನಿಲ್ಲಿಸುತ್ತೇವೆ. ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. "ಸುಸ್ತಾಗಿದ್ದಾರೆ, ಒಂದು ಗ್ಲೂಕೋಸ್ ಹಾಕಿಬಿಡಿ" ಅಂತ ನಮ್ಮವರು ಕೇಳುತ್ತಾರಲ್ವಾ, ಇವರಿಗೆ ಬರೀ ಗ್ಲೂಕೋಸ್ ಹಾಕಬಾರದು. ಬಿ1 ಮೊದಲು. ಇಲ್ಲದಿದ್ದರೆ ನೆನಪಿನ ಶಕ್ತಿಗೇ ಪೆಟ್ಟು ಬೀಳಬಹುದು.

ಈ ವರ್ಷವೂ ಮಾಲೆ ಹಾಕುವ ಮನಸ್ಸಿದ್ದರೆ ಹಾಕಲಿ, ಅದರಿಂದ ಮನಸ್ಸಿಗೆ ಬಲ ಬರುತ್ತದೆ. ಆದರೆ ಅಕ್ಟೋಬರಿನಲ್ಲೇ ಆಸ್ಪತ್ರೆಗೆ ಬಂದು ಬಿಡಿಸಿಕೊಂಡು, ಆಮೇಲೆ ಹಾಕಲಿ.

ಮರುಪ್ರಶ್ನೆ (ಮೈಸೂರಿನ ಸದಸ್ಯ):

ನನ್ನ ತಮ್ಮನನ್ನು ಒಂದು ಖಾಸಗಿ ಕೇಂದ್ರದಲ್ಲಿ ಮೂರು ತಿಂಗಳು ಬಿಟ್ಟಿದ್ದೆವು. ಗಲಾಟೆ ಮಾಡಿದ ಅಂತ ಮಂಚಕ್ಕೆ ಸರಪಳಿ ಹಾಕಿದ್ದರಂತೆ. ಹೊರಗೆ ಬಂದ ವಾರಕ್ಕೇ ಮತ್ತೆ ಕುಡಿದ. ಇವರೆಲ್ಲ ಉದ್ಧಾರ ಆಗಲ್ಲ ಬಿಡಿ.

ಉತ್ತರ:

ಸರಪಳಿ ಅಪರಾಧ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ನೇರವಾಗಿ ನಿಷೇಧಿಸಿದೆ, ಕುಡಿತದ ಕಾಯಿಲೆಗೂ ಆ ಕಾಯ್ದೆ ಅನ್ವಯಿಸುತ್ತದೆ. ಸೇರಿಸುವ ಮೊದಲು ನೋಂದಣಿ ಇದೆಯಾ, ಮನೋವೈದ್ಯರು ಬರುತ್ತಾರಾ ಅಂತ ಕೇಳಿ.

ನಿಮ್ಮ ತಮ್ಮ ಮೂರು ತಿಂಗಳು ಕುಡಿಯದೆ ಇದ್ದದ್ದು ಕೂಡಿಹಾಕಿದ್ದರಿಂದ. ಬೀದಿ ತುದಿಯ ವೈನ್ ಶಾಪ್ ದಾಟಿ ಮನೆಗೆ ಬರೋದನ್ನು ಅಲ್ಲಿ ಯಾರೂ ಕಲಿಸಿಲ್ಲ. ಮೈಯಿಂದ ಹೆಂಡ ಇಳಿಸೋದು ಮೊದಲ ಮೆಟ್ಟಿಲು ಮಾತ್ರ. ಆಮೇಲೆ ಆಸೆ ತಗ್ಗಿಸುವ ಔಷಧಿ ಇದೆ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ. ತಿಂಗಳಿಗೊಮ್ಮೆ ಬಂದು ಕೂತು ಮಾತಾಡಬೇಕು. ಸಕ್ಕರೆ ಕಾಯಿಲೆಯವರ ಶುಗರ್ ಮತ್ತೆ ಏರಿದರೆ ಡೋಸ್ ನೋಡುತ್ತೇವೆ, ಬೈಯುವುದಿಲ್ಲ. ಇಲ್ಲೂ ಹಾಗೇ. ಮೂರನೇ, ನಾಲ್ಕನೇ ಸಲಕ್ಕೆ ಬಿಟ್ಟವರು ನನ್ನ ಓಪಿಡಿಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ಮರುಪ್ರಶ್ನೆ (ಕಲಬುರಗಿಯ ಸದಸ್ಯ):

ಸರ್ಕಾರವೇ ಮಾರುತ್ತಲ್ಲ ಸರ್. ಸಾರಾಯಿ ನಿಲ್ಲಿಸಿದ ಹಾಗೆ ಎಲ್ಲ ನಿಲ್ಲಿಸಿದರೆ ಮುಗಿಯಿತು.

ಉತ್ತರ:

ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ನಿಂತ ಮೇಲೆ ಪ್ಯಾಕೆಟ್ ಕುಡಿಯುತ್ತಿದ್ದ ನನ್ನ ರೋಗಿಗಳು ಅಗ್ಗದ ವಿಸ್ಕಿಗೆ ಹೋದರು. ನಿಷೇಧದ ವಾದ ಇಲ್ಲಿ ಮುಗಿಯೋದಲ್ಲ, ಬಿಡಿ. ನನ್ನನ್ನು ಕಾಡೋದು ಬೇರೆ ಲೆಕ್ಕ. 2019ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳಲ್ಲಿ ನಿಂಬೆಹಣ್ಣು, ಆಣೆ, ಪುಡಿ.

ರಾಣೆಬೆನ್ನೂರಿನ ಸದಸ್ಯೆ:

ಪುಡಿಯನ್ನು ಬಚ್ಚಲಿಗೆ ಸುರಿದೆ. ಇದನ್ನೆಲ್ಲ ಅವರಿಗೆ ಓದಿ ಹೇಳಿದೆ. ಗೇರ್ ಹಾಕಿದ್ದು ನೆನಪೇ ಇಲ್ಲವಂತೆ. ಸುಮ್ನೆ ಕೂತಿದ್ದು ಆಮೇಲೆ "ಕೈ ನಡುಗೋದಕ್ಕೆ ಮಾತ್ರೆ ಕೊಡ್ತಾರಂತಾ?" ಅಂತ ಕೇಳಿದರು. ಎಲ್ಲಿಗೆ ಕರೆದುಕೊಂಡು ಹೋಗಲಿ?

ಉತ್ತರ:

ಕೊಡ್ತಾರೆ ಅಂತ ಹೇಳಿ. ನಿಮಗೆ ಹತ್ತಿರ ಹಾವೇರಿ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ. ದೊಡ್ಡ ಆಸ್ಪತ್ರೆಯೇ ಬೇಕೆಂದರೆ ಧಾರವಾಡದ ಡಿಮ್ಹಾನ್ಸ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ, ಆದರೆ ಅಷ್ಟು ದೂರ ಹೋಗಲೇಬೇಕು ಅಂತೇನಿಲ್ಲ. ಹೊರಡುವ ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಡುವೆ ಫಿಟ್ಸ್ ಬಂದರೆ, ಏನೇನೋ ಅಸಂಬದ್ಧ ಮಾತಾಡಿದರೆ 108. ಆಗ ಕೈಗೆ ಕಬ್ಬಿಣ ಬೇಡ, ಒಂದು ಮಗ್ಗುಲಿಗೆ ಮಲಗಿಸಿ.

ಚೀಟಿ ಮಾಡಿಸಿದ ಕೂಡಲೇ ಹೋದ ವರ್ಷದ ಫಿಟ್ಸ್ ವಿಷಯ ಹೇಳಿ, ಕೇಳುವ ತನಕ ಕಾಯಬೇಡಿ. ಕೊನೆಯ ಸಲ ಎಷ್ಟು ಗಂಟೆಗೆ ಕುಡಿದರು ಅನ್ನೋದನ್ನೂ ಬರೆದಿಟ್ಟುಕೊಳ್ಳಿ. ರೇಷನ್ ಕಾರ್ಡ್, ಆಧಾರ್, ಎರಡು ಲುಂಗಿ, ಜೊತೆಗೆ ರಾತ್ರಿ ಉಳಿಯೋಕೆ ಮೈದುನ ಇರಲಿ.